ಕರೆಂಟು ಹೋದಾಗ ಕೆಳಗಿನ ಸಾ

ನಮ್ಮ ಇಳಕಲ್ಲಿನ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಹಿಂದಿನ ಕೋಣೆಯಲ್ಲಿ ಪವರ್‌ಲೂಮುಗಳು ಓಡುತ್ತಿರುವಾಗ ಮೆಲ್ಲಗೆ ಅಂದದ್ದು ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಉಪ್ಪು ಬೇಕೆಂದರೂ ಕೂಗಬೇಕು. ನಾನು ಹಾಡಲು ಕಲಿತದ್ದೂ ಹಾಗೆಯೇ. ಫೋನಿನಲ್ಲಿ ಒಂದು ಪದ ಕೇಳುವುದು, ಮಗ್ಗದ ಸದ್ದನ್ನೇ ತಾಳ ಮಾಡಿಕೊಂಡು ಅದರ ಮೇಲೆ ದನಿ ಎತ್ತುವುದು. ಸ್ವರ ಎಷ್ಟು ಮೇಲಿದ್ದರೂ ಮುಟ್ಟುತ್ತಿದ್ದೆ. ಯಾರೂ ತಿದ್ದಲಿಲ್ಲ, ಯಾರೂ ತಡೆಯಲಿಲ್ಲ. ಆ ಖುಷಿಯನ್ನು ನಾನು ಇವತ್ತಿಗೂ ಕಡಿಮೆ ಎನ್ನುವುದಿಲ್ಲ.

ಸೋಮವಾರ ಸಂಜೆ ನಮ್ಮ ಓಣಿಯ ಹೆಂಗಸರು ವಚನ, ಭಜನೆ ಪದ ಹಾಡಲು ಸೇರುತ್ತಾರೆ. ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಹಾರ್ಮೋನಿಯಂ ನುಡಿಸುತ್ತಾಳೆ. ಪದ ಎತ್ತಿಕೊಡುವುದು ನಾನು. ಕಳೆದ ಬೇಸಿಗೆಯಲ್ಲಿ ನನ್ನ ಗಂಟಲು ಒಡೆಯತೊಡಗಿತು. ಎರಡು ಪದ ಹಾಡುವಷ್ಟರಲ್ಲಿ ದನಿ ಬಿರುಕು ಬಿಡುವುದು, ಮರುದಿನ ಮಾತೇ ಹೊರಡದು. "ಹಿಂಗ ಹಾಡಿದ್ರ ಇದ್ದ ದನಿನೂ ಹೋಗತೈತಿ ನೋಡವಾ" ಎಂದರು ದವಾಖಾನೆಯ ಡಾಕ್ಟರು. ಆಗ ಹೆದರಿದೆ. ನನ್ನದೆಂದು ಹೇಳಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಅದೊಂದೇ.

ಹಾಗಾಗಿ ಹುನಗುಂದದಲ್ಲಿ ಮನೆಯಲ್ಲೇ ಸಂಗೀತ ಹೇಳಿಕೊಡುವ ಒಬ್ಬ ಹಿರಿಯರ ಬಳಿ ಭಾನುವಾರ ಭಾನುವಾರ ಹೋಗತೊಡಗಿದೆ. ಮೊದಲ ದಿನ ಏನಾದರೂ ಹಾಡು ಎಂದರು. ನಾನು ಶುರು ಮಾಡಿದ ಕೂಡಲೇ ಅವರ ಹೆಂಡತಿ ಅಡುಗೆಮನೆಯಿಂದ ಓಡಿಬಂದರು, ಏನಾಯಿತೋ ಎಂದು.

"ಯಾರನ್ನ ಕರಿಯಾಕತ್ತೀಯವಾ?" ಎಂದರು ಗುರುಗಳು.

"ಹಾಡಾಕತ್ತೇನ್ರಿ."

"ನಾ ಇಲ್ಲೇ ಎದುರಿಗೆ ಅದೇನಿ. ಕೂಡಲಸಂಗಮದ ತನಕ ಮುಟ್ಟಿಸೂದು ಬ್ಯಾಡ."

ಎಲ್ಲರೂ ನಕ್ಕೆವು. ಆಮೇಲೆ ಅವರು ಹೇಳಿದ್ದಕ್ಕೆ ನನಗೆ ನಗು ಬರಲಿಲ್ಲ. ಕೆಳಗಿನ ಸಾ ಒಂದನ್ನೇ, ಮೆಲ್ಲಗೆ, ಉಸಿರು ಮುಗಿಯುವ ತನಕ ಹಿಡಿಯಬೇಕು. ಅವರು ಹೇಳುವವರೆಗೆ ಬೇರೆ ಪದ ಇಲ್ಲ, ಭಜನೆಯೂ ಇಲ್ಲ. ಕೆಳಗಿನ ಸಾ! ಮಗ್ಗದ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆಂದು ನಾನು ಅತ್ತ ಕಾಲೇ ಇಟ್ಟಿರಲಿಲ್ಲ. ಹಿಡಿಯಲು ಹೋದರೆ ಬರೀ ಗಾಳಿ.

ಮನೆಯಲ್ಲಿ ಅಭ್ಯಾಸ ಮಾಡುವುದಾದರೂ ಹೇಗೆ? ನನ್ನ ಸಾ ನನಗೇ ಕೇಳಿಸದು. ಕೇಳಿಸದಾಗ ದನಿ ತಾನಾಗಿ ಏರುವುದು. ಕೊನೆಗೆ ಕರೆಂಟು ಹೋಗಲೆಂದು ಕಾಯತೊಡಗಿದೆ. ಕರೆಂಟು ಹೋಗಿ ಮಗ್ಗಗಳು ನಿಂತ ಕೂಡಲೇ ಅಪ್ಪ ಬೈಯುತ್ತ ಚಹಾಕ್ಕೆ ಹೊರಡುತ್ತಿದ್ದ, ನಾನು ನೂಲಿನ ಬುಟ್ಟಿ ಸರಿಸಿ ಅಲ್ಲೇ ಕೂತುಬಿಡುತ್ತಿದ್ದೆ.

"ಊರ ಮಂದಿ ಕರೆಂಟ್ ಬರ್ಲಿ ಅಂತ ಬೇಡ್ಕೋತಾರ, ನಮ್ಮನ್ಯಾಗ ಒಬ್ಬಾಕಿ ಹೋಗ್ಲಿ ಅಂತ ಹರಕಿ ಹೊತ್ತಾಳ" ಎಂದು ಅಪ್ಪ ಚಹಾದಂಗಡಿಯಲ್ಲೆಲ್ಲ ಹೇಳಿಕೊಂಡು ಬಂದ.

ಹಾಗೆ ಕೂತಾಗ ಒಂದು ದಿನ ಗಾಳಿಯ ನಡುವೆ ಸಣ್ಣಗೆ ದನಿ ಬಂತು. ಎದೆಯ ಮೇಲೆ ಕೈಯಿಟ್ಟಿದ್ದೆ, ಒಳಗೆ ಏನೋ ಅದುರಿದ್ದು ಅಂಗೈಗೆ ತಿಳಿಯಿತು.

ಆದರೆ ಸೋಮವಾರಗಳನ್ನು ಕಳೆಯುವುದು ಕಷ್ಟವಾಯಿತು. ಭಜನೆಗೆ ಹೊರಟ ಚಿಗವ್ವ ನಮ್ಮ ಬಾಗಿಲಲ್ಲೇ ನಿಂತು ಚುಚ್ಚುತ್ತಿದ್ದಳು. "ಹಾಡು ಕಲ್ಯಾಕ ಹೋಗಿ ಹಾಡೂದ ಬಿಟ್ಟಿ. ಈಸು ಕಲೀತೇನಿ ಅಂತ ಹೊಳಿ ಬಿಟ್ಟು ದಂಡಿ ಮ್ಯಾಲೆ ಕುಂತಂಗಾತು."

ನನಗೂ ಹಾಗೇ ಅನ್ನಿಸುತ್ತಿತ್ತು. ಪಾಠ ಬೇಕೋ, ಮನಸ್ಸಿಗೆ ಬಂದಂತೆ ಹಾಡಬೇಕೋ ಎಂದು ಜನ ಫೋನಿನಲ್ಲಿ ವಾದ ಮಾಡುವುದನ್ನು ಎಷ್ಟೋ ನೋಡಿದ್ದೇನೆ. ಅಲ್ಲಿ ಎರಡೂ ಕಡೆಯವರ ಗಂಟಲು ಚೆನ್ನಾಗಿರುತ್ತದೆ. ನನಗೆ ದನಿಯೂ ಬೇಕಿತ್ತು, ಸೋಮವಾರವೂ ಬೇಕಿತ್ತು.

ಒಂದು ಭಾನುವಾರ ಗುರುಗಳಿಗೆ ಹೇಳಿಯೇಬಿಟ್ಟೆ. "ಭಜನಿ ಬಿಟ್ಟು ಇರಾಕ ಆಗವಲ್ದರಿ. ನಾಳೆ ಹಾಡ್ತೇನಿ. ಇನ್ನ ಕಲಸೂದಿಲ್ಲ ಅನ್ನೂದಿದ್ರ ಈಗ ಹೇಳಿಬಿಡ್ರಿ."

ಅವರು ತಂಬೂರಿಯನ್ನು ಬದಿಗಿಟ್ಟರು. ಎದ್ದು ಬಸ್ಸಿಗೆ ಹೋಗಿಬಿಡೋಣ ಅನ್ನಿಸಿತು.

"ಹಾರ್ಮೋನಿಯಂದಾಗ ಯಾವ ಪಟ್ಟಿ ಹಿಡದು ಹಾಡ್ತಿ?"

ಹಾರ್ಮೋನಿಯಂನ ಯಾವ ಕೀಯನ್ನು ಸಾ ಮಾಡಿಕೊಳ್ಳುತ್ತೇನೆಂದು ಹೇಳಿದೆ.

"ಅಷ್ಟು ಮ್ಯಾಲಿಂದ? ಅದನ್ಯಾರು ಕೊಟ್ರು ನಿನಗ?"

"ಯಾರೂ ಕೊಟ್ಟಿಲ್ರಿ. ಮಗ್ಗ ಓಡೂಮುಂದ ಅದೊಂದ ಕೇಳತೈತಿ."

"ಭಜನಿ ಮಾಡೂ ಜಾಗಾದಾಗ ಮಗ್ಗ ಅದಾವೇನು?"

ಭಜನೆ ನಡೆಯುವುದು ಓಣಿಯ ತುದಿಯ ಮನೆಯ ಪಡಸಾಲೆಯಲ್ಲಿ. ಅಲ್ಲಿ ಒಂದೂ ಮಗ್ಗವಿಲ್ಲ. ಇಷ್ಟು ವರ್ಷ ಇಲ್ಲದ ಸದ್ದಿನ ಮೇಲೆ ನಾನು ಕೂಗುತ್ತಿದ್ದೆ.

"ಹಾಡು, ಹೋಗು" ಎಂದರು. "ಮೂರು ಪಟ್ಟಿ ಕೆಳಗ ಹಿಡದು ಹಾಡು. ಗಂಟಲ ಎಳೀತು ಅಂದ್ರ ಅಲ್ಲೇ ನಿಂದ್ರು. ಭಾನುವಾರ ಬಾ."

ಮರುದಿನ ಚಿಗವ್ವ ಹಳೆಯ ಪಟ್ಟಿಗೇ ಬೆರಳಿಟ್ಟಳು. ನಾನು ಕೆಳಗೆ ಎತ್ತಿಕೊಂಡೆ.

"ಯಾಕವಾ, ಮಧ್ಯಾಹ್ನ ಉಂಡಿಲ್ಲೇನ?" ಎಂದು ಗದರಿದಳು. ಅವಳ ಬೆರಳು ತುಸು ತಡಕಾಡಿ, ಕೊನೆಗೆ ನನ್ನನ್ನು ಹುಡುಕಿಕೊಂಡಿತು.

ಎರಡನೇ ಸಾಲಿಗೆ ನನ್ನ ಹಿಂದಿನಿಂದ ಒಂದು ಹೊಸ ದನಿ ಕೇಳಿಸಿತು. ದಪ್ಪ, ತುಸು ನಡುಗುವ ದನಿ. ತಿರುಗಿ ನೋಡಿದರೆ ಚಿಗವ್ವನ ಅತ್ತೆ. ಅಷ್ಟು ವರ್ಷ ಗೋಡೆಗೆ ಒರಗಿ ಬರೀ ಚಪ್ಪಾಳೆ ತಟ್ಟುತ್ತಿದ್ದ ಮುದುಕಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಅವಳ ಪಕ್ಕದವಳೂ.

ಪದ ಮುಗಿದ ಮೇಲೆ ಕೇಳಿದೆ, "ಅಮ್ಮಾ, ಇಷ್ಟ ದಿನ ಯಾಕ ಹಾಡ್ಲಿಲ್ಲ ನೀ?"

"ನೀ ಗಿಡದ ತುದಿಗೆ ಏರಿ ಕುಂತ್ರ ನಾ ಹೆಂಗ ಹತ್ಲಿ?"

ಪಡಸಾಲೆ ತುಂಬ ನಗು. ಮುಂದಿನ ಪದಕ್ಕೆ ಚಿಗವ್ವ ತಾನಾಗಿಯೇ ಕೆಳಗಿನ ಪಟ್ಟಿಯನ್ನು ಹಿಡಿದಳು.

ಮಂಗಳವಾರ ಬೆಳಿಗ್ಗೆ ಕಣ್ಣು ಬಿಟ್ಟವಳೇ ಹಾಸಿಗೆಯಲ್ಲೇ ನನ್ನ ಹೆಸರನ್ನು ನಾನೇ ಹೇಳಿ ನೋಡಿದೆ. ಸ್ವಲ್ಪ ಒರಟಾಗಿತ್ತು. ಆದರೆ ದನಿ ಇತ್ತು.