ಅವ್ವ ಕಾರು ಓಡಿಸಿದ ದಾರಿ

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಒಂದು ಹಳೆಯ ಅಂಬಾಸಿಡರ್ ಕಾರು ಕೊಂಡ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಳ್ಳಕೆರೆಯಲ್ಲಿ ನಮ್ಮದೊಂದು ಎಣ್ಣೆ ಮಿಲ್ಲಿತ್ತು. ಶೇಂಗಾ ತುಂಬಿಕೊಂಡು ಬಂದು ಹೋಗುವ ಲಾರಿಗಳನ್ನು ದಿನವೂ ನೋಡುತ್ತ ನಿಂತಿರುತ್ತಿದ್ದ ಅಪ್ಪನಿಗೆ, ತಾನೂ ಒಮ್ಮೆ ಎಲ್ಲಾದರೂ ದೂರ ಹೋಗಬೇಕೆಂಬ ಆಸೆ ಯಾವಾಗ ಹುಟ್ಟಿತ್ತೋ.

"ಪಡುವಲಾಗಿ ಹೋಗ್ತಾ ಇದ್ರೆ ಸಮುದ್ರ ಸಿಗ್ತತೆ. ನೋಡ್ಕಂಡು ಬರಾಣ" ಅಂದ.

ಅಪ್ಪ, ಅವ್ವ, ಅಪ್ಪನ ತಾಯಿಯಾದ ನನ್ನ ಅಜ್ಜಿ ಮತ್ತು ನಾನು, ಹೀಗೆ ನಾಲ್ಕು ಜನ ಹೊರಟೆವು. ಸೀಟು ಸುಡುತ್ತದೆಂದು ಅಜ್ಜಿ ಅದರ ಮೇಲೆ ಕಂಬಳಿ ಹಾಸಿದಳು. ಕಾಲ ಬುಡದಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿಯ ಡಬ್ಬಿ.

ಮೊದಲ ದಿನದ ನೆನಪೆಲ್ಲ ನಿದ್ದೆಯ ನಡುವಿನದು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ, ಏಳುತ್ತಿದ್ದೆ. ಪ್ರತಿ ಸಲ ಕಣ್ಣು ಬಿಟ್ಟಾಗಲೂ ಹೊರಗಿನ ಬಣ್ಣ ಬೇರೆ. ಒಮ್ಮೆ ನಮ್ಮ ಕಡೆಯ ಕೆಂಪು ನೆಲ, ಜಾಲಿ ಗಿಡ, ಬಂಡೆ. ಇನ್ನೊಮ್ಮೆ ದಾವಣಗೆರೆಯಾಚೆಯ ಹಸಿರು ಗದ್ದೆ. ಮತ್ತೊಮ್ಮೆ ಎದ್ದಾಗ ಎರಡೂ ಕಡೆ ಎಷ್ಟೊಂದು ಮರಗಳಿದ್ದವೆಂದರೆ ಸಂಜೆಯಾಯಿತೇನೋ ಎಂದುಕೊಂಡೆ. ಆಗಿನ್ನೂ ಮೂರು ಗಂಟೆಯಂತೆ. ಶಿರಸಿಯ ಒಂದು ಲಾಡ್ಜಿನಲ್ಲಿ ಉಳಿದೆವು.

ಮರುದಿನ ಬೆಳಿಗ್ಗೆ ದೇವಿಮನೆ ಘಟ್ಟ ಇಳಿದೆವು. ತಿರುವು ಬಂದಾಗೆಲ್ಲ ಅಜ್ಜಿ ಕಣ್ಣು ಮುಚ್ಚಿ ಶಿವಶಿವಾ ಅನ್ನುತ್ತಿದ್ದಳು. ಘಟ್ಟವೇನೋ ಕ್ಷೇಮವಾಗಿ ಮುಗಿಯಿತು. ಆದರೆ ಕೆಳಗಿನ ಸಮದಾರಿಗೆ ಬಂದ ಮೇಲೆ ಹಿಂದಿನ ಚಕ್ರ ಪಂಕ್ಚರಾಯಿತು. ಅಪ್ಪ ನಟ್ಟು ಬಿಚ್ಚಲು ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿದಾಗ ಅದು ಜಾರಿತು. ಎಡಗೈ ಮಡಚಿಕೊಂಡು ಮಣ್ಣಿನ ಮೇಲೆ ಬಿದ್ದ. ಅವ್ವ, ನಾನು ಸೇರಿ ಹೇಗೋ ಚಕ್ರ ಬದಲಿಸಿದೆವು. ಅಷ್ಟರಲ್ಲಿ ಅವನ ಮಣಿಕಟ್ಟು ಬಾತು ಬದನೆಕಾಯಿಯಂತಾಗಿತ್ತು.

ಆ ಕಾರಿನ ಗೇರು ಸ್ಟೇರಿಂಗಿನ ಎಡಕ್ಕೆ. ಅಪ್ಪ ಹಲ್ಲು ಕಚ್ಚಿ ಒಂದು ಸಲ ಎಳೆದು ನೋಡಿದ. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಎರಡನೇ ಸಲ ಕೈ ಎತ್ತಲಿಲ್ಲ.

ಅವ್ವ ಅಪ್ಪ ಕೂತಿದ್ದ ಬದಿಗೆ ಬಂದು ಬಾಗಿಲು ತೆಗೆದು ನಿಂತಳು.

"ಆ ಕಡೀಗೆ ಸರೀರಿ. ನಾನು ಓಡಿಸ್ತೀನಿ."

ಅವ್ವನ ತವರು ಮೊಳಕಾಲ್ಮೂರು ತಾಲೂಕಿನ ಒಂದು ಹಳ್ಳಿ. ಮದುವೆಗೆ ಮುಂಚೆ ಅವಳ ಅಣ್ಣ ಬ್ರಹ್ಮಗಿರಿಯ ಬಂಡೆಗಳ ಕೆಳಗಿನ ಬಯಲಿನಲ್ಲಿ ಅವಳಿಗೆ ಜೀಪು ಓಡಿಸಲು ಕಲಿಸಿದ್ದ, ಲೈಸೆನ್ಸೂ ಮಾಡಿಸಿದ್ದ. ನಮ್ಮ ಮನೆಗೆ ಬಂದ ಮೇಲೆ ಅವಳು ಸ್ಟೇರಿಂಗ್ ಹಿಡಿದದ್ದು ಒಂದೇ ಸಲ, ಈ ಕಾರು ಬಂದ ವಾರದಲ್ಲಿ, ಊರಾಚೆಯ ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ. ಅಡ್ಡ ಬರಲು ದೂರದಲ್ಲೊಂದು ಕುರಿ ಹಿಂಡು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಅಪ್ಪ ಪಕ್ಕದಲ್ಲಿ ಕೂತು ಬ್ರೇಕು ಬ್ರೇಕು ಅನ್ನುತ್ತಲೇ ಇದ್ದ.

ಈಗ ಅವನು ನನ್ನ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ.

"ಇಲ್ಲೇ ಕುಂತ್ರೆ ಏನ್ ಬಂತೋ ತಮ್ಮ, ಸರಿ ಅತ್ಲಾಗೆ" ಅಂದಳು ಅಜ್ಜಿ.

ಅಪ್ಪ ಸರಿದ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪೆಡಲು ತುಳಿದಳು. ಕಾರು ಒಮ್ಮೆ ಜಿಗಿದು ನಿಂತಿತು. ಅಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಎರಡನೇ ಸಲ ಕಾರು ಮೆಲ್ಲಗೆ ಮುಂದಕ್ಕೆ ಹೋಯಿತು.

ಅವ್ವ ಬಹಳ ನಿಧಾನ. ಸೈಕಲ್ಲಿನವರು ಕೂಡ ನಮ್ಮನ್ನು ದಾಟುತ್ತಿದ್ದರು, ದಾಟುವಾಗ ಬಗ್ಗಿ ಒಳಗೆ ನೋಡುತ್ತಿದ್ದರು. ಆ ನಿಧಾನದಿಂದಲೇ ನನಗೆ ಆ ದಾರಿ ಸಿಕ್ಕಿದ್ದು. ಅಪ್ಪ ಓಡಿಸಿದ ಊರುಗಳೆಲ್ಲ ಕಿಟಕಿಯಲ್ಲಿ ಹರಿದುಹೋಗಿದ್ದವು. ಅವ್ವನ ಊರುಗಳು ಒಂದೊಂದಾಗಿ ಬಂದು ನಿಂತು ಮಾತಾಡಿಸಿದವು. ಅಘನಾಶಿನಿಯ ಸೇತುವೆಯ ಮೇಲೆ ಹೋಗುವಾಗ ಕೆಳಗೆ ಒಂದು ದೋಣಿ, ಅದರಲ್ಲಿ ನಿಂತವನ ತಲೆಯ ಮೇಲಿನ ಟೋಪಿ, ಆ ಟೋಪಿಯ ನೆರಳು ನೀರಿನಲ್ಲಿ ಒಡೆದು ಕೂಡಿಕೊಳ್ಳುವುದು, ಎಲ್ಲವನ್ನೂ ನೋಡಿದೆ. ಹೆಂಚಿನ ಮನೆಗಳ ಮುಂದೆ ಒಣಹಾಕಿದ ಬಲೆಗಳು. ಗೇರುಹಣ್ಣಿನ ವಾಸನೆ, ಅದರ ಹಿಂದೆಯೇ ಒಣಮೀನಿನ ವಾಸನೆ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಗಾಳಿ ಒದ್ದೆಯಾಗಿ, ದಪ್ಪವಾಗಿ ಮುಖಕ್ಕೆ ಅಂಟುತ್ತಿತ್ತು. ನಮ್ಮೂರಿನ ಒಣಗಾಳಿಯೊಂದೇ ಗೊತ್ತಿದ್ದ ನನಗೆ, ಯಾರೋ ಈಗಷ್ಟೇ ಮಿಂದು ಬಂದು ಪಕ್ಕದಲ್ಲಿ ಕೂತಿದ್ದಾರೆ ಅನ್ನಿಸಿತು.

ಗೋಕರ್ಣದ ಕಡೆಗೆ ತಿರುಗಿದ ಮೇಲೆ ದಾರಿಯ ಪಕ್ಕದ ಬಯಲೆಲ್ಲ ನೀರಿನ ಮಡಿಗಳು. ನಡುನಡುವೆ ಬಿಳಿಯ ಗುಡ್ಡೆಗಳು.

"ಅದೇನವ್ವ, ಅಕ್ಕಿನಾ?" ಅಜ್ಜಿ ಕೇಳಿದಳು.

"ಉಪ್ಪು ಅತ್ತಿ. ಇಲ್ಲಿ ಉಪ್ಪು ಬೆಳೀತಾರೆ."

ಉಪ್ಪನ್ನೂ ಬೆಳೆಯುತ್ತಾರೆಂಬುದು ಅಜ್ಜಿಗೆ ತುಂಬ ಹಿಡಿಸಿತು. "ಮಳೆ ಇಲ್ದೆ ಬೆಳಿಯೋ ಬೆಳೆ" ಎಂದು ತನಗೆ ತಾನೇ ಹೇಳಿಕೊಂಡಳು.

ಆಗ ಅಪ್ಪನ ಕಡೆ ನೋಡಿದರೆ, ಅವನು ನಿದ್ದೆ ಹೋಗಿದ್ದ. ಎಡಗೈಯನ್ನು ಅವ್ವ ಕಟ್ಟಿಕೊಟ್ಟ ಟವೆಲ್ಲಿನ ಜೋಲಿಯಲ್ಲಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ತಲೆಯನ್ನು ಕಿಟಕಿಗೆ ಆನಿಸಿದ್ದ. ಅಪ್ಪ ಹಗಲು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅದು ಯಾರೋ ನನ್ನ ವಯಸ್ಸಿನವರ ಮುಖದಂತೆ ಕಂಡಿತು. ಅವ್ವನೂ ಒಂದು ಗಳಿಗೆ ಅತ್ತ ನೋಡಿದಳು. ಆಮೇಲೆ ಹಾರನ್ ಮಾಡುವುದನ್ನೇ ಬಿಟ್ಟಳು. ಅಡ್ಡ ಮಲಗಿದ್ದ ಒಂದು ಹಸು ಏಳುವ ತನಕ ಕಾದಳು.

ಒಂದು ಸಣ್ಣ ಊರು ದಾಟಿ ದಾರಿ ಮರಳಿಗೆ ಸೇರಿತು. ಅವ್ವ ಗಾಳಿಮರದ ನೆರಳಿನಲ್ಲಿ ಕಾರು ನಿಲ್ಲಿಸಿದಳು. ಎದುರಿಗೇ ಸಮುದ್ರ. ನಾನು ಅಂದುಕೊಂಡಂತೆ ಅದು ನೀಲಿಯಾಗಿರಲಿಲ್ಲ, ಬೆಳ್ಳಗೆ ಹೊಳೆಯುತ್ತ ಆಕಾಶದೊಳಗೇ ಕರಗಿಹೋಗಿತ್ತು. ಅಪ್ಪನನ್ನು ಎಬ್ಬಿಸದೆ ಕಾರಿನಲ್ಲೇ ಕೂತು ನೋಡಿದೆವು.

ಪಕ್ಕದ ಮನೆಯ ಹೆಂಗಸೊಬ್ಬಳು ಬಂದು ಕಿಟಕಿಯಲ್ಲಿ ಬಗ್ಗಿದಳು. "ಕೈಗೆ ಎಂತ ಆಯ್ತು ಅವರಿಗೆ?" ಅವ್ವ ಹೇಳಿದಳು. ಆ ಹೆಂಗಸು ಮನೆಯೊಳಗೆ ಹೋಗಿ ಮುರುಗಲ ಹಣ್ಣಿನ ಪಾನಕ ತಂದಳು. ಲೋಟದ ಸದ್ದಿಗೆ ಅಪ್ಪ ಎಚ್ಚರಗೊಂಡ. ಎದುರಿಗಿನ ನೀರನ್ನು ನೋಡಿದ, ಅವ್ವನನ್ನು ನೋಡಿದ.

"ಯಾವಾಗ ಬಂದ್ವಿ?"

"ಆಗ್ಲೇ ಬಂದ್ವಿ."

"ಎಬ್ಬಿಸಬಾರ್ದಾ?"

"ಸಮುದ್ರ ಎಲ್ಲಿಗ್ ಹೋಗ್ತತೆ?" ಅಂದಳು ಅವ್ವ.

ಕುಮಟೆಯ ಡಾಕ್ಟರು ಮೂಳೆ ಮುರಿದಿಲ್ಲ, ಆದರೆ ಕೈ ಆಡಿಸಬಾರದು ಅಂದರು. ಹಾಗಾಗಿ ವಾಪಸು ಘಟ್ಟ ಹತ್ತಿಸಿದವಳೂ ಅವ್ವನೇ. ಅಪ್ಪ ಪಕ್ಕದಲ್ಲಿ ಕೂತು ಅವಳಿಗೆ ರೊಟ್ಟಿ ಮುರಿದು ಮುರಿದು ಕೊಡುತ್ತಿದ್ದ. ಮೇಲಿನ ತಂಪು ಬಂದಾಗ ಅವ್ವ ತೆಲುಗಿನಲ್ಲಿ ಏನೋ ಗುನುಗತೊಡಗಿದಳು. ಅವಳ ತವರಿನಲ್ಲಿ ಎರಡು ಭಾಷೆಯೂ ನಡೆಯುತ್ತದೆ. ಆದರೆ ನಮ್ಮ ಮನೆಯಲ್ಲಿ ಅವಳು ತೆಲುಗು ಆಡಿದ್ದು ನಾನು ಕೇಳಿರಲಿಲ್ಲ.

"ಈ ಹಾಡು ನಿನಗೆ ಬರ್ತತೆ ಅಂತ ಗೊತ್ತೇ ಇರ್ಲಿಲ್ಲ" ಅಂದ ಅಪ್ಪ.

"ನಮ್ಮವ್ವ ನೆಲ್ಲು ಕುಟ್ಟುವಾಗ ಹೇಳ್ತಿದ್ಲು."

"ಅರ್ಥ ಏನು?"

ಅವ್ವ ಒಂದು ತಿರುವು ದಾಟಿಸಿ, ಗೇರು ಬದಲಿಸಿ, ಅರ್ಥ ಹೇಳಲು ಶುರುಮಾಡಿದಳು. ಅಪ್ಪ ಅವಳ ಕಡೆಗೇ ತಿರುಗಿ ಕೂತು ಕೇಳುತ್ತಿದ್ದ. ಕೇಳುತ್ತ ಕೇಳುತ್ತ ನನಗೆ ಮತ್ತೆ ನಿದ್ದೆ ಹತ್ತಿತು.