ಎಂಟು ಕೋರಿಗೆ ಸಮಪಾಲು

ನಿವೃತ್ತಿಗೆ ವರ್ಷವೊಂದು ಬಾಕಿ ಇದ್ದಾಗ ನಾನು ಯಾದಗಿರಿಯ ನೀರಾವರಿ ಕಚೇರಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ನಾರಾಯಣಪುರದಿಂದ ಬರುವ ಕಾಲುವೆ ನೀರು ಯಾವ ಹೊಲಕ್ಕೆ ಯಾವಾಗ ಎಂಬ ಪಾಳಿಯನ್ನು ನಮ್ಮ ಕಂಪ್ಯೂಟರ್ ನಿಗದಿ ಮಾಡುತ್ತಿತ್ತು. ಆ ಮುಂಗಾರನ್ನು ನೆನೆಸಿಕೊಂಡರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಮಾಹಿತಿಯೆಲ್ಲ ಎಕ್ಸ್‌ಎಂಎಲ್ ಎಂಬ ರಚನೆಯ ಒಂದು ದೊಡ್ಡ ಫೈಲಿನಲ್ಲಿತ್ತು. ಅದರಲ್ಲಿ ಎಲ್ಲವೂ ಒಂದರೊಳಗೊಂದು: ಕಾಲುವೆಯೊಳಗೆ ತೂಬು, ತೂಬಿನೊಳಗೆ ಹೊಲ. ಕಾಲುವೆಯ ಹೆಸರು ಮೇಲೆ ಒಂದೇ ಸಲ ಬರುತ್ತದೆ, ಕೆಳಗಿನವೆಲ್ಲ ಅದಕ್ಕೆ ಸೇರಿದವು. ಹಳೆಯ ಯಂತ್ರ ಅದನ್ನು ಓದಿ ಮುಗಿಸಲು ಅರ್ಧ ದಿನ ತಿನ್ನುತ್ತಿತ್ತು. ಅದಕ್ಕೇ ಎಂಟು ಕೋರಿನ ಹೊಸ ಯಂತ್ರ ಬಂತು. ಒಂದೇ ಯಂತ್ರದೊಳಗೆ ಎಂಟು ಆಳು ಎಂದುಕೊಳ್ಳಿ. ಫೈಲನ್ನು ಹೋಳು ಮಾಡಿ ಹಂಚಿದರೆ ಎಂಟೂ ಒಟ್ಟಿಗೆ ದುಡಿಯುತ್ತವೆ.

ನಮ್ಮ ಕಡೆ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡರೆ ಪ್ರತಿ ಪಾಲಿಗೂ ಬಂಡಿ ಹಾದಿ ಬಿಡುತ್ತಾರೆ. ಇಲ್ಲಿಯೂ ಅಷ್ಟೇ, ಪ್ರತಿ ಹೋಳಿನ ಜೊತೆ ಅದರ ಕಾಲುವೆಯ ಹೆಸರನ್ನು ಕಳಿಸಬೇಕು. ಹಾಗೆ ಕಾಲುವೆ ನೋಡಿ ಹಂಚಿದರೆ ಹೋಳುಗಳು ಹೆಚ್ಚುಕಡಿಮೆ ಆಗುತ್ತವೆ, ನಮ್ಮ ಮುಖ್ಯಾಧಿಕಾರಿಗೆ ಅದು ಬೇಕಿರಲಿಲ್ಲ. ಪರದೆಯ ಮೇಲೆ ಎಂಟು ಕೋರಿನ ದುಡಿಮೆ ತೋರಿಸುವ ಎಂಟು ಗೆರೆ ಸಮ ಎತ್ತರಕ್ಕೆ ಕಾಣಬೇಕಿತ್ತು.

“ಒಂದ್ ಕೋರ್ ಖಾಲಿ ಕುಂತಂಗ ಕಂಡ್ರ ಮ್ಯಾಲಿನವ್ರು ನಗ್ತಾರ್ರಿ” ಎಂದು ಹೊಸ ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತಿದ್ದ ಗುತ್ತಿಗೆ ಕಂಪನಿಯವನಿಗೆ ಹೇಳಿದರು.

ಅವನು ಕಣ್ಣುಮುಚ್ಚಿಕೊಂಡು ಫೈಲನ್ನು ಎಂಟು ಸಮಪಾಲು ಕತ್ತರಿಸಿದ. ಕಾಲುವೆಯ ಹೆಸರು ಒಂದು ಹೋಳಿನಲ್ಲಿ ಉಳಿಯಿತು, ಅದರ ಕೊನೆಯ ಹೊಲಗಳು ಮುಂದಿನ ಹೋಳಿಗೆ ಹೋದವು. ಕಾಲುವೆ ಯಾವುದೆಂದು ತಿಳಿಯದ ಹೊಲಗಳನ್ನು ಪ್ರೋಗ್ರಾಂ ಸದ್ದಿಲ್ಲದೆ ಕೈಬಿಟ್ಟು “ಯಶಸ್ವಿ” ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ಥೂ, ನಾಚಿಕೆಗೇಡು!

ಸುರಪುರದ ಕಡೆ ನೀರು ಸರಿಯಾಗಿಯೇ ಹೋಯಿತು. ಶಹಾಪುರದ ಆಚೆ, ಕಾಲುವೆಯ ಕೊನೆಗಿರುವ ಊರಿನ ಸಾಬಮ್ಮ ಬಸ್ಸು ಹಿಡಿದು ಕಚೇರಿಗೆ ಬಂದಳು. “ಸಾಹೇಬ್ರ, ಕೆನಾಲ್ ನನ್ನ ಹೊಲದ ಬಾಜೂಕ ಹರಿಯಾಕತ್ತದ. ಪಾಳಿಯಾಗ ನಿನ್ ಹೆಸರಿಲ್ಲ ಅಂತ ಗೇಟಿನವ ತೂಬ ತೆಗಿವಲ್ಲ. ಭತ್ತದ ಸಸಿ ಬಲ್ತಾವ್ರಿ. ಈ ಪಾಳಿ ತಪ್ಪಿದ್ರ ಹಚ್ಚಾಕ ಬರಂಗಿಲ್ಲ.”

ಹುಡುಕಿದಾಗ ಕಾರಣ ಸಿಕ್ಕಿತು. ಒಂದೇ ಕೋರಿನಲ್ಲಿ ಮೊದಲಿನಿಂದ ಓಡಿಸಿದರೆ ಸಂಜೆಯೊಳಗೆ ಸರಿಯಾದ ಪಾಳಿ ಸಿಗುತ್ತದೆ, ಅಪ್ಪಣೆ ಕೊಡಿ ಎಂದು ಮುಖ್ಯಾಧಿಕಾರಿಯನ್ನು ಕೇಳಿದೆ.

“ತಲಿ ಕೆಟ್ಟದೇನ್ರಿ? ನಾಳೆ ಮ್ಯಾಲಿನವ್ರಿಗೆ ಮಿಷನ್ ತೋರ್ಸೂ ಡೆಮೊ ಅದ. ಒಂದ್ ಸಲ ಹೊಂಟ ಪಾಳಿ ತಿದ್ದಿದ್ರ ನಮ್ ಮರ್ಯಾದಿ ಏನಾಗಬೇಕು? ಮುಗೀಲಿ, ಆಮ್ಯಾಲ ನೋಡೂಣು.”

ಅವರ ಸಹಿ ಇಲ್ಲದೆ ಗೇಟಿನವನು ಯಾರ ಮಾತನ್ನೂ ಕೇಳುವಂತಿರಲಿಲ್ಲ. ಬೇಡಿದೆ, ಜಗಳವಾಡಿದೆ, ಏನೂ ನಡೆಯಲಿಲ್ಲ. ಮರುದಿನ ಶಾಲು, ಹೂಗುಚ್ಛ, ಮಿರ್ಚಿ ಭಜಿ ಎಲ್ಲ ಬಂದವು. ಪರದೆಯ ಮೇಲೆ ಎಂಟು ಗೆರೆ ಸಮನಾಗಿ ಏರಿದವು. ನೀರು ತಲುಪಿತೇ ಎಂದು ಬಂದವರಲ್ಲಿ ಒಬ್ಬರೂ ಕೇಳಲಿಲ್ಲ, ಭಜಿ ತಿಂದ ಕೈಯಲ್ಲೇ ಚಪ್ಪಾಳೆ ತಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ತಿದ್ದಿದ ಪಾಳಿಗೆ ಅವರ ಸಹಿ ಬೀಳುವ ಹೊತ್ತಿಗೆ ಆ ಕಾಲುವೆಯ ಸರದಿ ಮುಗಿದು ನೀರು ನಿಂತಿತ್ತು.

ಸಾಬಮ್ಮ ಮತ್ತೆ ಬಂದಳು, ಕಂಕುಳಲ್ಲಿ ಹಳದಿಗಟ್ಟಿದ ಸಸಿಯ ಕಟ್ಟು. ಹೊಸ ಯಂತ್ರದ ಮೇಲೆ ಹೂಗುಚ್ಛ ಇನ್ನೂ ಇತ್ತು. ಕಟ್ಟನ್ನು ಅದರ ಪಕ್ಕಕ್ಕೇ ಇಟ್ಟು, “ಇದನ್ನೂ ಹೂವಿನ ಸಂಗಾಟ ಇಡ್ರಿ” ಎಂದಳು.

“ತೆಗೀರಿ ಅದನ್ನ, ಮಿಷನ್ನ್ಯಾಗ ಮಣ್ಣು ಬೀಳ್ತದ!” ಮುಖ್ಯಾಧಿಕಾರಿ ಹೇಳಿದ್ದು ಇಷ್ಟೇ.

ತಪ್ಪಾಗಿದೆ ಎಂದು ಕೆಂಪು ಅಕ್ಷರದಲ್ಲಿ ಕೂಗಿ ನಿಂತುಬಿಡುವ ಪ್ರೋಗ್ರಾಂ ಮರ್ಯಾದಸ್ಥ. ಕೈಬಿಟ್ಟದ್ದನ್ನು ಮುಚ್ಚಿಟ್ಟು “ಯಶಸ್ವಿ” ಎನ್ನುವುದನ್ನು ನಂಬಬಾರದು ಎಂದು ಪ್ರೋಗ್ರಾಮರ್ ಕೆಲಸ ನನಗೆ ಕಲಿಸಿತು. ಮನುಷ್ಯರಿಗೂ ಅದೇ ಮಾತು. ನನ್ನ ಬೀಳ್ಕೊಡುಗೆಯ ದಿನ ಅದೇ ಅಧಿಕಾರಿ ಹೂಗುಚ್ಛ ಹಿಡಿದು ಎದುರು ನಿಂತರು. ನಾನು ಕೈ ಚಾಚಲಿಲ್ಲ.