ತೂಕ ಹೆಚ್ಚಿದ ಎಲೆಚೀಲ

ಎಂ.ಎಸ್ಸಿ. ಓದುವಾಗ ನನ್ನ ಪ್ರಾಜೆಕ್ಟು ದೇವರಾಯನದುರ್ಗದ ಬೆಟ್ಟದ ಕಾಡಿನಲ್ಲಿತ್ತು. ಉದುರಿದ ಎಲೆ ಕೊಳೆತು ಮಣ್ಣಿಗೆ ಎಷ್ಟು ಸಾರ ಕೊಡುತ್ತದೆ, ಅದರೊಳಗಿನ ಇಂಗಾಲ ಎಷ್ಟು ಮಣ್ಣಲ್ಲೇ ಉಳಿಯುತ್ತದೆ ಎಂದು ನೋಡುವುದು ಕೆಲಸ. ಒಣಗಿದ ಎಲೆ ತೂಗಿ, ನೈಲಾನ್ ಬಲೆಯ ಚೀಲಗಳಿಗೆ ತುಂಬಿ, ಮರಗಳ ಬುಡದಲ್ಲಿ ತರಗಿನ ಕೆಳಗೆ ಇಟ್ಟು ಬಂದಿದ್ದೆ. ಮುಂದೆ ತೆಗೆದು ತೂಗಿದಾಗ ಎಷ್ಟು ಕಡಿಮೆಯಾಗಿರುತ್ತದೋ ಅಷ್ಟು ಎಲೆ ಕಾಡಿಗೆ ಸೇರಿತು ಎಂದು ಅರ್ಥ.

ಆ ಚೀಲಗಳನ್ನು ಹೊಲಿದುಕೊಟ್ಟದ್ದು ನಮ್ಮೂರು ಕೊತ್ತಗೆರೆಯಲ್ಲಿದ್ದ ಅಮ್ಮ. “ಕಾಡಿನ ಎಲೆ ಕಾಡಿಗೇ ಹಾಕೋಕೆ ಚೀಲ ಯಾಕೆ ಕಣೇ?” ಎಂದಿದ್ದಳು.

“ಎಷ್ಟು ಕರಗ್ತದೆ ಅಂತ ನೋಡ್ಬೇಕಮ್ಮ.”

ಮಳೆಗಾಲ ಕಳೆದ ಮೇಲೆ ಚೀಲಗಳನ್ನು ತಂದು ತುಮಕೂರಿನ ಲ್ಯಾಬಿನಲ್ಲಿ ಒಣಗಿಸಿ ತೂಗಿದೆ. ಎಲ್ಲವೂ ಹಗುರಾಗಿದ್ದವು. ಒಂದು ಮಾತ್ರ ಇಟ್ಟಾಗಿನದಕ್ಕಿಂತ ಭಾರ! ತಕ್ಕಡಿ ಬದಲಿಸಿದೆ, ಚೀಲಗಳ ನಂಬರಿನ ಚೀಟಿ ಅದಲುಬದಲಾಗಿದೆಯೇ ಎಂದು ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು.

“ಗೆದ್ದಲು ಮಣ್ಣು ತುಂಬಿರ್ಬೇಕು, ತೊಳೀರಿ” ಎಂದರು ಗೈಡ್ ಮೇಡಂ.

ತೊಳೆದು ಮತ್ತೆ ಒಣಗಿಸಿದೆ. ಮಣ್ಣೇನೋ ಹೋಯಿತು, ತೂಕ ಇಳಿದದ್ದು ಅಷ್ಟಕ್ಕಷ್ಟೇ. ಕೊನೆಗೆ ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಪಕ್ಕದ ಮರದ ಕೂದಲಿನಂಥ ಬೇರುಗಳು ಬಲೆಯ ಕಣ್ಣಿನಿಂದ ನುಗ್ಗಿ ಎಲೆಯೊಳಗೆಲ್ಲ ಹೆಣೆದುಕೊಂಡಿದ್ದವು. ಬೇರು ಎಳೆದರೆ ಎಲೆಯೂ ಜೊತೆಗೇ ಬರುತ್ತಿತ್ತು.

“ಬೇರು ತೆಗೆದು ಎಲೆ ಮಾತ್ರ ತೂಗಿ” ಎಂದರು ಮೇಡಂ.

“ಮೇಡಂ, ಈ ಬೇರು ಹೀರಿರೋದು ಇದೇ ಎಲೆಯ ಸಾರಾನಲ್ವಾ? ಹಂಗಾದ್ರೆ ಎಲೆ ಹೋಯ್ತು ಅನ್ಬೇಕಾ, ಇಲ್ಲೇ ಇದೆ ಅನ್ಬೇಕಾ?”

ಅವರು ಬೇರನ್ನು ಬೆಳಕಿಗೆ ಹಿಡಿದು ನೋಡಿದರು. “ನನಗೂ ಸರಿಯಾಗಿ ಗೊತ್ತಾಗ್ತಿಲ್ಲ. ಮೊದ್ಲು ಬಿಡಿಸಿ ನೋಡಿ.”

ಭಾನುವಾರ ಅದನ್ನು ಊರಿಗೆ ಒಯ್ದೆ. ಜಗಲಿಯ ಮೇಲೆ ಪೇಪರ್ ಹಾಸಿ ಅಮ್ಮ, ನಾನು ಒಂದೊಂದು ಸೂಜಿ ಹಿಡಿದು ಕೂತೆವು. ಎಲೆ ಒಂದು ಕಡೆ, ಬೇರು ಒಂದು ಕಡೆ. ಸ್ವಲ್ಪ ಹೊತ್ತಿನಲ್ಲೇ ಅಮ್ಮನ ಕೈ ನಿಂತಿತು.

“ಇದ್ಯಾವ ಕಡೆಗೆ ಹಾಕ್ಲೇ? ಎಲೆನೂ ಅಲ್ಲ, ಬೇರೂ ಅಲ್ಲ.”

“ಮಧ್ಯ ಇಡಮ್ಮ.”

ಸಂಜೆಯ ಹೊತ್ತಿಗೆ ಮಧ್ಯದ ಗುಡ್ಡೆಯೇ ದೊಡ್ಡದಾಗಿತ್ತು. ಅಮ್ಮ ಸೊಂಟ ಹಿಡಿದುಕೊಂಡು ಎದ್ದು, “ಬುಡು, ಇದು ಬಿಡಿಸೋ ಕೆಲ್ಸ ಅಲ್ಲ” ಎಂದಳು. ನನಗೆ ಬಿಡಲು ಮನಸ್ಸಾಗಲಿಲ್ಲ, ಮುಂದುವರಿಸಲು ದಾರಿಯೂ ಕಾಣಲಿಲ್ಲ.

ಮೇಡಂ ಒಪ್ಪಿದ್ದರಿಂದ ಮೂರು ಗುಡ್ಡೆಗಳ ತೂಕವನ್ನೂ ವರದಿಯಲ್ಲಿ ಹಾಗೆಯೇ ಕೊಟ್ಟೆ. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟದ ಮೇಲೆ ಬೆರಳಿಟ್ಟು, “ಇದರಲ್ಲಿ ಯಾವುದನ್ನು ನಂಬೋದು?” ಎಂದರು.

“ಗೊತ್ತಿಲ್ಲ ಸರ್.”

ಅವರು ಪಾಸು ಮಾಡಿದರು. ಆದರೆ ಆ ಪುಟದ ಅಂಚಿನಲ್ಲಿ ತಾವು ಪೆನ್ಸಿಲಿನಿಂದ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸದೆಯೇ ವರದಿಯನ್ನು ಹಿಂದಿರುಗಿಸಿದರು.